ಮೀನಿನ ಕಿವಿರಿಗೆ ಕುತ್ತು ತರುವ ಫ್ಲೇವೊಬ್ಯಾಕ್ಟೀರಿಯಂ

ಸಾಕಣೆ ಕೊಳದ ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಾಡತೊಡಗಿದರೆ, ನೀರಿನಲ್ಲಿ ಆಕ್ಸಿಜನ್ ಕಡಿಮೆಯಾಗಿದೆ ಎಂದು ಊಹಿಸುವುದು ಸಹಜ. ಆದರೆ ಕಿವಿರು ಕೊಳೆಯುತ್ತಿದ್ದರೂ ಮೀನು ಹೀಗೆಯೇ ಒದ್ದಾಡುತ್ತದೆ. ಈ ತೊಂದರೆಗೆ ಕಾರಣವಾಗುವ ಜೀವಿಗಳಲ್ಲಿ ಫ್ಲೇವೊಬ್ಯಾಕ್ಟೀರಿಯಂ ಕುಲದ ಬ್ಯಾಕ್ಟೀರಿಯಗಳು ಮುಖ್ಯವಾದುವು.

ಲ್ಯಾಟಿನ್ನಿನಲ್ಲಿ 'ಫ್ಲೇವಸ್' ಎಂದರೆ ಹಳದಿ. ಇವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದಾಗ ಸಾಮಾನ್ಯವಾಗಿ ಹಳದಿ ಬಣ್ಣದ ಸಮೂಹಗಳು ಮೂಡುತ್ತವೆ. ಇವು ಗ್ರಾಂ-ಋಣ ಗುಂಪಿನ, ಕಡ್ಡಿಯಾಕಾರದ ಜೀವಿಗಳು. ಕುಲದ ಬಹುಪಾಲು ಪ್ರಭೇದಗಳು ಮಣ್ಣು, ನೀರುಗಳಲ್ಲಿ ಯಾರಿಗೂ ಕೇಡು ಮಾಡದೆ ಬದುಕುತ್ತವೆ. ರೋಗ ತರುವವು ಕೆಲವು ಮಾತ್ರ. ಸೈಕ್ರೊಫಿಲಮ್ ಪ್ರಭೇದ ತಣ್ಣೀರಿನ ಟ್ರೌಟ್, ಸಾಲ್ಮನ್ ಮೀನುಗಳನ್ನು ಕಾಡುತ್ತದೆ. ಕಾಲಮ್ನೇರ್ ಬೆಚ್ಚನೆಯ ಸಿಹಿನೀರಿನಲ್ಲಿ ಪ್ರಬಲ.

ಕಾಲಮ್ನೇರ್ ತರುವ ರೋಗವನ್ನು ಅಮೆರಿಕದ ಎಚ್. ಎಸ್. ಡೇವಿಸ್ 1922ರಲ್ಲಿ ವರ್ಣಿಸಿದರು. ರೋಗಪೀಡಿತ ಅಂಗಾಂಶದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಬ್ಯಾಕ್ಟೀರಿಯಗಳು ಅದರ ಅಂಚಿನಲ್ಲಿ ಕಂಬಗಳಂತೆ ಒಟ್ಟುಗೂಡುತ್ತವೆ. ಹೆಸರು ಬಂದದ್ದು ಈ ಕಂಬಗಳಿಂದ. ಪ್ರತಿ ಕಡ್ಡಿಯ ಉದ್ದ 3ರಿಂದ 10 ಮೈಕ್ರೊಮೀಟರ್. ಅಗಲ ಅರ್ಧ ಮೈಕ್ರೊಮೀಟರಿನ ಆಸುಪಾಸು.

ಇದಕ್ಕೆ ಕಶಾಂಗವಿಲ್ಲ. ಆದರೂ ಇದು ಮೇಲ್ಮೈಗಳ ಮೇಲೆ ಜಾರುತ್ತ ಸಾಗುತ್ತದೆ. ಹೇಗೆ? ಇದೇ ಕುಲದ ಜಾನ್ಸೋನಿಯೇ ಎಂಬ ಪ್ರಭೇದದಲ್ಲಿ ಈ ಚಲನೆಯನ್ನು ವಿವರವಾಗಿ ಅಭ್ಯಸಿಸಲಾಗಿದೆ. ಅದರ ಹೊರಮೈಯ ಅಂಟು ಪ್ರೋಟೀನುಗಳು ಸುರುಳಿ ಹಾದಿಯಲ್ಲಿ ಸರಿಯುತ್ತವೆ. ಅವು ಗಾಜಿಗೆ ಅಂಟಿಕೊಂಡಾಗ ಜೀವಕೋಶವೇ ಮುಂದೆ ಹೋಗುತ್ತದೆ. ಶಕ್ತಿ ಬರುವುದು ಕೋಶಪೊರೆಯ ಎರಡು ಬದಿಗಳ ನಡುವಣ ಪ್ರೋಟಾನ್ ವ್ಯತ್ಯಾಸದಿಂದ. ಇದರ ಹಿಂದೆ ಸುತ್ತುವ ಮೋಟಾರೊಂದಿದೆ ಎಂಬುದನ್ನು ಭೌತವಿಜ್ಞಾನಿ ಹೊವಾರ್ಡ್ ಬರ್ಗ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ವೇಗ ಸೆಕೆಂಡಿಗೆ ಸುಮಾರು 2 ಮೈಕ್ರೊಮೀಟರ್. ಎಂದರೆ ಒಂದು ಮಿಲಿಮೀಟರ್ ದಾಟಲು ಎಂಟು ನಿಮಿಷ ಬೇಕು. ಈ ಗಾತ್ರ, ಈ ವೇಗಗಳಲ್ಲಿ ಜಡತ್ವಕ್ಕೆ ಬೆಲೆಯಿಲ್ಲ, ಸ್ನಿಗ್ಧತೆಯದೇ ಆಳ್ವಿಕೆ. ತಳ್ಳುವುದು ನಿಂತ ಕ್ಷಣವೇ ಚಲನೆಯೂ ನಿಲ್ಲುತ್ತದೆ.

ಕಿವಿರಿನ ತೆಳುವಾದ ಪದರಗಳ ಮೂಲಕ ಆಕ್ಸಿಜನ್ ವಿಸರಣೆಯಿಂದ ರಕ್ತ ಸೇರುತ್ತದೆ. ಕಾಲಮ್ನೇರ್ ಈ ಪದರಗಳನ್ನು ನಾಶ ಮಾಡುವುದರಿಂದ ವಿಸರಣೆಯ ಕ್ಷೇತ್ರ ಕುಗ್ಗುತ್ತದೆ. ಇದರ ಜೊತೆಗೆ ಇನ್ನೊಂದು ಪೆಟ್ಟು: ಗಾಳಿಯಿಂದ ಪರ್ಯಾಪ್ತವಾದ ಸಿಹಿನೀರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ 9.1 ಮಿಲಿಗ್ರಾಂ ಆಕ್ಸಿಜನ್ ಇದ್ದರೆ, 30 ಡಿಗ್ರಿಯಲ್ಲಿ ಇರುವುದು 7.5 ಮಿಲಿಗ್ರಾಂ ಮಾತ್ರ. ರೋಗಾಣು ಚುರುಕಾಗುವ ಬಿಸಿಯಲ್ಲೇ ಉಸಿರೂ ದುರ್ಲಭವಾಗುತ್ತದೆ.

ಗುರುತಿಸುವುದು ಹೇಗೆ? ತೆಳುವಾದ ಕಡ್ಡಿ, ಜಾರುನಡೆ, ಹಳದಿ ಸಮೂಹ, ಇವು ಮೊದಲ ಸುಳಿವುಗಳು. ಸಮೂಹದ ಮೇಲೆ ಪೊಟಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿದಾಗ ಫ್ಲೆಕ್ಸಿರುಬಿನ್ ಎಂಬ ವರ್ಣಕವಿದ್ದರೆ ಬಣ್ಣ ಕೆಂಗಂದಾಗುತ್ತದೆ. ಖಚಿತ ನಿರ್ಣಯಕ್ಕೆ ಜೀನ್ ಪರೀಕ್ಷೆ ಅಗತ್ಯ. ಅಂಥ ಅಧ್ಯಯನಗಳ ಆಧಾರದ ಮೇಲೆಯೇ 2022ರಲ್ಲಿ ಕಾಲಮ್ನೇರ್ ಅನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಲಾಯಿತು.

ಆದುದರಿಂದ ಮೀನು ಏದುಸಿರು ಬಿಡುವಾಗ ನೀರಿನ ಆಕ್ಸಿಜನ್ನನ್ನು ಅಳೆದರೆ ಸಾಲದು. ಕಿವಿರಿನ ಒಂದು ತುಣುಕನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೊಳೆತ ಕಿವಿರು ಕೊಳಕ್ಕೆ ಗಾಳಿ ಊದಿದ ಮಾತ್ರಕ್ಕೆ ವಾಸಿಯಾಗದು.