ಕೊಂಡಾಗಿನ ಬೆಲೆ, ಬಾಳಿದಾಗಿನ ಬೆಲೆ



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ಸಾಕು, ಏನಾದರೂ ಕೊಳ್ಳಬೇಕೆಂಬ ಆಸೆ ಎಲ್ಲರ ಮನೆಯಲ್ಲೂ ಹುಟ್ಟುತ್ತದೆ. ಮಳೆಯನ್ನೇ ನೆಚ್ಚಿದ ನಮ್ಮ ಜತ್ತ ತಾಲೂಕಿನಲ್ಲಿ ಆ ಕಾಸು ಪ್ರತಿವರ್ಷ ಬರುವುದಿಲ್ಲ. ಆದ್ದರಿಂದ ಬಂದ ವರ್ಷ ಅದನ್ನು ಯಾವುದಕ್ಕೆ ಹಾಕಿದೆವು ಎಂಬುದರ ಮೇಲೆ ಮುಂದಿನ ಹತ್ತು ವರ್ಷದ ನೆಮ್ಮದಿ ನಿಂತಿರುತ್ತದೆ. ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದಲೂ ಖರೀದಿಯ ವಹಿ ಇದೆ. ಮೊನ್ನೆ ಅದನ್ನು ತಿರುವಿ ಹಾಕಿದಾಗ ಯಾವ ವಸ್ತು ನಮ್ಮನ್ನು ಕಾಯಿತು, ಯಾವುದು ಮುಳುಗಿಸಿತು ಎಂಬುದು ಕಣ್ಣಿಗೆ ಕಟ್ಟಿತು. ಅದನ್ನೇ ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇವೆ.

ಕಬ್ಬಿಣದ ನೇಗಿಲು ಕಲಿಸಿದ ಪಾಠ

ಹೊಸ ಸಾಧನದ ಬಗ್ಗೆ ರೈತನಿಗೆ ಸಂಶಯ ಬರುವುದು ಇಂದಿನ ಮಾತಲ್ಲ. ನಮ್ಮ ಸಾಂಗಲಿ ಜಿಲ್ಲೆಯಲ್ಲೇ ಇರುವ ಕಿರ್ಲೋಸ್ಕರವಾಡಿಯ ಕಥೆ ನೋಡಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869 ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯೋಗ ಆರಂಭಿಸಿದರು. ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ಹೆದರಿ ರೈತರು ಆ ನೇಗಿಲನ್ನು ಮುಟ್ಟಲೇ ಇಲ್ಲವಂತೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎಂದು ಹೇಳುತ್ತಾರೆ. 1910 ರಲ್ಲಿ ಔಂಧ ಸಂಸ್ಥಾನದ ಅರಸರು ಕುಂಡಲದ ಹತ್ತಿರ ಕೊಟ್ಟ ಬರಡು ನೆಲದಲ್ಲಿ ಕಾರಖಾನೆ ಎದ್ದಿತು. ಒಬ್ಬರ ಹೊಲದಲ್ಲಿ ನೇಗಿಲು ಆಳವಾಗಿ ಹೋದದ್ದನ್ನು ಕಂಡ ಮೇಲೆಯೇ ಮತ್ತೊಬ್ಬರು ಕೊಂಡರು.

ಇದರಲ್ಲಿ ರೈತರನ್ನು ನಗುವಂಥದೇನೂ ಇಲ್ಲ. ಅವರ ಹೆದರಿಕೆ ತಪ್ಪಾಗಿತ್ತು, ಆದರೆ ಕಣ್ಣಾರೆ ಕಾಣದೆ ಕೊಳ್ಳಬಾರದು ಎಂಬ ಅವರ ರೀತಿ ಸರಿಯಾಗಿಯೇ ಇತ್ತು.

ಬರಗಾಲದಲ್ಲಿ ಕಾಯ್ದ ಮೇವಿನ ಯಂತ್ರ

ನಮ್ಮ ವಹಿಯಲ್ಲಿ ತಂದೆಯವರ ಕೈಬರಹದ ಮೊದಲ ದೊಡ್ಡ ಖರೀದಿ, ಕೈಯಿಂದ ತಿರುಗಿಸುವ ಮೇವು ಕತ್ತರಿಸುವ ಯಂತ್ರ. 1972 ರ ಬರದಲ್ಲಿ ಎತ್ತುಗಳನ್ನು ಬಂದ ಬೆಲೆಗೆ ಮಾರಿದ ನೋವು ಅವರಿಗಿತ್ತು. ಇಡೀ ಕಣಕಿ ಹಾಕಿದರೆ ದನಗಳು ಎಲೆ ತಿಂದು ದಂಟು ತುಳಿದು ಬಿಡುತ್ತವೆ. ಅದನ್ನೇ ಬೆರಳುದ್ದ ಕತ್ತರಿಸಿ, ನೀರು ಚಿಮುಕಿಸಿ ಗೋದಲಿಗೆ ಹಾಕಿದರೆ ದಂಟೂ ಹೊಟ್ಟೆಗೆ ಹೋಗುತ್ತದೆ. 2012 ರ ಬರದಲ್ಲಿ ನಮ್ಮ ಬಣವಿ ಬೇಸಿಗೆಯವರೆಗೆ ಬಂದದ್ದು ಈ ಯಂತ್ರದಿಂದಲೇ. ಈಗ ಅದಕ್ಕೆ ಮೋಟಾರು ಕೂಡಿಸಿದ್ದೇವೆ, ಚಕ್ರ ಮಾತ್ರ ಅದೇ.

ಒಂದು ಎಚ್ಚರಿಕೆ. ಮೇವು ನೂಕುವ ಬಾಯಿಗೆ ತಗಡಿನ ಕಾಪು ಇಲ್ಲದ ಯಂತ್ರವನ್ನು ಕೊಳ್ಳಬೇಡಿ. ಸೆರಗು, ಬಳೆ, ಸಡಿಲು ತೋಳು ಹತ್ತಿರ ಬಾರದಿರಲಿ. ಮಕ್ಕಳನ್ನು ದೂರವಿಡಿ. ಅಲಗಿಗೆ ಕೈ ಹಾಕುವ ಮೊದಲು ಮೋಟಾರಿನ ವಿದ್ಯುತ್ ತೆಗೆಯಿರಿ.

ಅಗ್ಗದ ಪಂಪಿನ ದಂಡ

ಈಗ ಮುಳುಗಿಸಿದ ಖರೀದಿಯ ಮಾತು. ದಾಳಿಂಬೆ ಹಚ್ಚಿದ ಎರಡನೆಯ ವರ್ಷ ಔಷಧ ಹೊಡೆಯಲು ಬೆನ್ನಿನ ಪಂಪು ಬೇಕಾಯಿತು. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹೆಸರಿಲ್ಲದ ಒಂದನ್ನು ತಂದೆವು. ತಿಂಗಳೊಳಗೆ ಮುಚ್ಚಳದಿಂದ ಜಿನುಗತೊಡಗಿತು. ಅರಿವೆ ಸುತ್ತಿ ಕೆಲಸ ಸಾಗಿಸಿದೆವು. ಒಂದು ದಿನ ನಮ್ಮ ಅಣ್ಣ ಒದ್ದೆ ಅಂಗಿಯಲ್ಲೇ ಮಧ್ಯಾಹ್ನದವರೆಗೆ ಹೊಡೆದ. ಮನೆಗೆ ಬಂದವನಿಗೆ ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು. ದವಾಖಾನೆಗೆ ಒಯ್ದಾಗ ಡಾಕ್ಟರರು ಕೇಳಿದ ಮೊದಲ ಪ್ರಶ್ನೆ, "ಯಾವ ಔಷಧ?" ನಮ್ಮಲ್ಲಿ ಯಾರಿಗೂ ಹೆಸರು ಗೊತ್ತಿರಲಿಲ್ಲ. ಬಾಟಲಿ ತರಲು ಹುಡುಗನೊಬ್ಬ ಮತ್ತೆ ತೋಟಕ್ಕೆ ಓಡಬೇಕಾಯಿತು. ಆ ಒಂದು ತಾಸು ನಾವು ಮರೆಯುವಂತಿಲ್ಲ. ದೇವರ ದಯೆ, ಅಣ್ಣ ಉಳಿದ. ನಾಲ್ಕನೆಯ ದಿನ ಮನೆಗೆ ಬಂದಾಗ ಅವ್ವ ಆ ಪಂಪನ್ನು ತಿಪ್ಪೆಗೆ ಎಸೆದು, "ತಮ್ಮಾ, ಅಗ್ಗದ್ದು ಅಂತ ತಂದಿ. ಈಗ ಎಷ್ಟಕ್ಕ ಬಿತ್ತು ಹೇಳು" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

2017 ರಲ್ಲಿ ನಮ್ಮ ರಾಜ್ಯದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುವಾಗ ವಿಷವೇರಿ 20 ಕ್ಕೂ ಹೆಚ್ಚು ರೈತರು, ಕೂಲಿಕಾರರು ತೀರಿಕೊಂಡರು. ಇದು ಎಲ್ಲಿಯೋ ನಡೆದ ಮಾತೆಂದು ಬಿಡುವಂತಿಲ್ಲ.

ಅನಂತರ ಕೊಂಡ ಪಂಪಿಗೆ ಹಣ ಹೆಚ್ಚೇ ಬಿತ್ತು. ಆದರೆ ಅದರ ವಾಶರು, ನಳಿಕೆ ಎಲ್ಲವೂ ಜತ್ತದಲ್ಲೇ ಸಿಗುತ್ತವೆ. ಪ್ರತಿ ಹಂಗಾಮಿಗೆ ವಾಶರು ಬದಲಿಸಿ ಇಂದಿಗೂ ಬಳಸುತ್ತಿದ್ದೇವೆ. ಅದರ ಜೊತೆಗೇ ರಬ್ಬರಿನ ಕೈಗವಸು, ಬೂಟು, ಕನ್ನಡಕ, ಮುಖಕಾಪು ಬಂದವು. ಹೊಡೆಯುವ ಮೊದಲು ಬರಿ ನೀರು ಹಾಕಿ ಸೋರುತ್ತದೆಯೇ ನೋಡಿರಿ. ಗಾಳಿಗೆ ಎದುರಾಗಿ ಹೊಡೆಯಬೇಡಿರಿ. ಕಟ್ಟಿಕೊಂಡ ನಳಿಕೆಯನ್ನು ಬಾಯಿಂದ ಊದಬೇಡಿರಿ. ಮೈಮೇಲೆ ಔಷಧ ಬಿದ್ದರೆ ಕೂಡಲೇ ಬಟ್ಟೆ ಕಳಚಿ ಸಾಬೂನಿನಿಂದ ತೊಳೆಯಿರಿ. ತಲೆಸುತ್ತು, ವಾಂತಿ ಬಂದರೆ ಬಾಟಲಿಯ ಚೀಟಿ ಸಮೇತ ದವಾಖಾನೆಗೆ ಹೋಗಿರಿ. ಮನೆಯ ಮದ್ದು ಮಾಡುತ್ತ ಕೂಡ್ರಬೇಡಿರಿ.

ಮೂರನೆಯ ಬೋರೋ, ಹನಿ ನೀರೋ?

ನಮ್ಮ ಎರಡು ಬೋರುಗಳಲ್ಲಿ ಒಂದು ಬತ್ತಿತ್ತು. ಇನ್ನೊಂದು ಅರ್ಧ ತಾಸಿಗೆ ಸುಸ್ತಾಗುತ್ತಿತ್ತು. ಮೂರನೆಯದನ್ನು ಹೊಡೆಸೋಣ ಎಂದು ಸಾಲದ ಕಾಗದಕ್ಕೆ ಸಹಿ ಹಾಕುವವರೆಗೆ ಬಂದಿದ್ದೆವು. ಆಗ ಅಣ್ಣನೇ ತಡೆದು, "ಇರೋ ನೀರು ಮೊದಲು ಗಿಡದ ಬುಡಕ್ಕ ಮುಟ್ಟಲಿ" ಎಂದ. ಅದೇ ಹಣದಲ್ಲಿ ಹನಿ ನೀರಾವರಿ ಮಾಡಿಸಿದೆವು. ಕಾಲುವೆಯಲ್ಲಿ ಹಾಯಿಸಿದಾಗ ಅರ್ಧಕ್ಕಿಂತ ಹೆಚ್ಚು ನೀರು ದಾರಿಯಲ್ಲೇ ಇಂಗಿ, ಆರಿ ಹೋಗುತ್ತಿತ್ತು. ಚೆನ್ನಾಗಿ ನೋಡಿಕೊಂಡ ಹನಿ ನೀರಾವರಿಯಲ್ಲಿ ಸುಮಾರು 90 ಪಾಲು ನೀರು ಬೇರಿಗೆ ಮುಟ್ಟುತ್ತದೆ. ಮ್ಹೈಸಾಳ ಏತ ನೀರಾವರಿಯ ಕೃಷ್ಣೆಯ ನೀರು ತಾಲೂಕಿನ ಕೆಲವು ಭಾಗಗಳಿಗೆ ಬಂದಿದೆ. ಆ ನೀರು ಬಂದರೂ ಈ ಮಿತವ್ಯಯ ಬೇಕೇ ಬೇಕು.

ನಮ್ಮ ಬೋರಿನ ನೀರು ಗಡಸು. ಉಪ್ಪು ಕಟ್ಟಿ ತೂತು ಮುಚ್ಚುತ್ತದೆ. ಸೋಸುಗವನ್ನು ತಪ್ಪದೆ ತೊಳೆಯಬೇಕು, ಕೊಳವೆಗಳ ತುದಿ ಬಿಚ್ಚಿ ಕಸ ಹರಿಯ ಬಿಡಬೇಕು. ಉಪ್ಪು ಕರಗಿಸಲು ಆಮ್ಲ ಬಿಡುವುದಾದರೆ ತಿಳಿದವರ ಕೈಯಿಂದಲೇ ಮಾಡಿಸಿರಿ. ನೀರಿಗೆ ಆಮ್ಲ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದು. ಕೇಂದ್ರದ ಯೋಜನೆಯಲ್ಲಿ ಸಣ್ಣ, ಅತಿ ಸಣ್ಣ ರೈತರಿಗೆ ನೂರಕ್ಕೆ 55, ಉಳಿದವರಿಗೆ 45 ರಷ್ಟು ಸಹಾಯಧನವಿದೆ. ಅರ್ಜಿ ಮಹಾಡಿಬಿಟಿಯಲ್ಲಿ ಹಾಕಬೇಕು. ಮಂಜೂರಾತಿ ಕೈಗೆ ಬಂದ ಮೇಲೆಯೇ ಖರೀದಿ ಮಾಡಿರಿ.

ಅಡುಗೆಮನೆಯ ಮೂರು ವಸ್ತುಗಳು

ಹೊಲದ ಸಾಧನಕ್ಕೆ ಸಾಲ ತೆಗೆಯುವ ನಾವು ಅಡುಗೆಮನೆಗೆ ಬಂದಾಗ ಕೈ ಬಿಗಿ ಹಿಡಿಯುತ್ತೇವೆ. ಇದು ಸರಿಯಲ್ಲ. ಅವ್ವನ ಕೆಮ್ಮು ಕಡಿಮೆಯಾದದ್ದು ಔಷಧದಿಂದಲ್ಲ, ಹೊಗೆಕೊಳವೆಯ ಒಲೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಒಂದು ಕಾಲಕ್ಕೆ ಕರ್ನಾಟಕದ ಹಳ್ಳಿಗಳಲ್ಲಿ ಹೆಸರಾಗಿತ್ತು. ಬೀಗರ ಮನೆಯಲ್ಲಿ ಅದನ್ನು ನೋಡಿ ಬಂದು ನಾವೂ ಹೊಗೆಕೊಳವೆ ಇಡಿಸಿದೆವು. ಈಗ ಗ್ಯಾಸು ಬಂದಿದೆ, ಆದರೆ ರೊಟ್ಟಿ ಇನ್ನೂ ಆ ಒಲೆಯ ಮೇಲೆಯೇ.

ಎರಡನೆಯದು ಕುಕ್ಕರು. ಬೇಳೆ, ಕಾಳು ಬೇಗ ಬೆಂದು ಉರುವಲು ಉಳಿಯುತ್ತದೆ. ರಬ್ಬರಿನ ಬಳೆ ಸಡಿಲಾದರೆ ಬದಲಿಸಿರಿ, ಮುಚ್ಚಳದ ತೂತಿನಲ್ಲಿ ಅಗುಳು ಸಿಕ್ಕಿದೆಯೇ ನೋಡಿರಿ. ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು, ಕುಡಿಯುವ ನೀರಿನ ಕೊಡಕ್ಕೆ ಉದ್ದ ಹಿಡಿಯ ಸೌಟು. ಟ್ಯಾಂಕರಿನ ನೀರು ತುಂಬಿಟ್ಟ ಕೊಡದಲ್ಲಿ ಎಲ್ಲರೂ ಕೈ ಅದ್ದುವುದು ನಿಂತ ಮೇಲೆ ಮಕ್ಕಳ ಭೇದಿ ಬಹಳ ಮಟ್ಟಿಗೆ ಕಡಿಮೆಯಾಯಿತು.

ಕೊಳ್ಳುವ ಮೊದಲು

1. ಅದನ್ನು ಎರಡು ವರ್ಷ ಬಳಸಿದವರ ಮನೆಗೆ ಹೋಗಿ ನೋಡಿರಿ.
2. ಬಿಡಿಭಾಗ, ದುರಸ್ತಿ ತಾಲೂಕಿನಲ್ಲೇ ಸಿಗುವುದೇ ಕೇಳಿರಿ.
3. ವರ್ಷದಲ್ಲಿ ಎಷ್ಟು ದಿನ ಕೆಲಸಕ್ಕೆ ಬರುತ್ತದೆ ಎಣಿಸಿರಿ. ನಾಲ್ಕೇ ದಿನವಾದರೆ ಬಾಡಿಗೆಗೆ ತರುವುದೋ, ನೆರೆಯವರೊಡನೆ ಕೂಡಿ ಕೊಳ್ಳುವುದೋ ಲೇಸು.
4. ಬಳಸುವವರನ್ನೇ ಕೇಳಿರಿ. ಒಲೆ ಕೊಳ್ಳುವಾಗ ಮನೆಯಾಕೆಯನ್ನು, ಪಂಪು ಕೊಳ್ಳುವಾಗ ಅದನ್ನು ಬೆನ್ನಿಗೆ ಹೊರುವವನನ್ನು.
5. ಪಾವತಿಯನ್ನೂ ಖಾತರಿ ಚೀಟಿಯನ್ನೂ ವಹಿಯಲ್ಲಿ ಅಂಟಿಸಿಡಿರಿ.

ನಮ್ಮ ವಹಿಯಲ್ಲಿ ಆ ಅಗ್ಗದ ಪಂಪಿನ ಸಾಲನ್ನು ಹೊಡೆದು ಹಾಕಿಲ್ಲ. ಅದರ ಮುಂದೆ ಅಣ್ಣ ತನ್ನ ಕೈಯಿಂದಲೇ ದವಾಖಾನೆಯ ಖರ್ಚನ್ನೂ ಕೂಡಿಸಿ ಬರೆದಿದ್ದಾನೆ. ಮನೆಯ ಹುಡುಗರು ಏನಾದರೂ ಕೊಳ್ಳೋಣವೆಂದಾಗ ಮೊದಲು ಆ ಪುಟವನ್ನು ತೆಗೆದು ತೋರಿಸುತ್ತೇವೆ.