ಕರುಳಿಗೆ ಅಂಟುವ ಬ್ಯಾಕ್ಟೀರಿಯಾ, ಹೃದಯಕ್ಕೆ ತಟ್ಟುವ ಭೇದಿ



ಮಳೆಗಾಲ ಬಂತೆಂದರೆ ವಿಕ್ರೋಳಿಯ ಹೃದ್ರೋಗಿಗಳಿಂದ ನನಗೆ ಬರುವ ಫೋನುಗಳಲ್ಲಿ ಎದೆನೋವಿನಷ್ಟೇ ಭೇದಿಯ ಮಾತೂ ಇರುತ್ತದೆ. "ಡಾಕ್ಟ್ರೇ, ನಿನ್ನೆಯಿಂದ ಎಂಟು ಸಲ ಹೋಗಿದೆ. ಓಆರ್‌ಎಸ್‌ನಲ್ಲಿ ಉಪ್ಪಿದೆಯಲ್ಲ, ಬಿಪಿ ಇರುವವರು ಕುಡಿಯಬಹುದಾ?" ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಮೊದಲು ಕರುಳಿನೊಳಗೆ ಏನು ನಡೆಯುತ್ತದೆಂದು ನೋಡೋಣ.

ಕುಡಿದ ನೀರು, ದೇಹವೇ ಸುರಿಸಿದ ರಸಗಳು ಎಲ್ಲ ಸೇರಿ ದಿನಕ್ಕೆ ಸುಮಾರು 8–9 ಲೀಟರ್ ದ್ರವ ಸಣ್ಣ ಕರುಳಿಗೆ ಬರುತ್ತದೆ. ಇಷ್ಟು ಹರಿವಿನಲ್ಲಿ ಬ್ಯಾಕ್ಟೀರಿಯಾ ನಿಲ್ಲುವುದು ಸುಲಭವಲ್ಲ. ಬೆಳಗಿನ ಲೋಕಲ್‌ನಲ್ಲಿ ಕಂಬಿ ಹಿಡಿಯದೆ ಬಾಗಿಲಲ್ಲಿ ನಿಂತವನ ಸ್ಥಿತಿ ಅದರದು. ಅದಕ್ಕೇ ಭೇದಿ ತರುವ ಈ-ಕೋಲೈಗಳಲ್ಲಿ ಒಂದು ಬಗೆ ಮೈತುಂಬ ಕೂದಲಿನಂಥ ಎಳೆಗಳನ್ನು ಬೆಳೆಸಿಕೊಂಡಿದೆ. ಎಳೆಗಳು ಕರುಳಿನ ಜೀವಕೋಶದ ಮೇಲಿನ ಸಕ್ಕರೆಯಂಥ ಅಣುಗಳನ್ನು ಗುರುತಿಸಿ ಹಿಡಿಯುತ್ತವೆ. ಹಿಡಿತ ಸಿಕ್ಕ ಮೇಲೆ ವಿಷ ಬಿಡುತ್ತದೆ. ಆಗ ಕೋಶ ತನ್ನ ಉಪ್ಪು, ನೀರನ್ನು ಹೊರಗೆ ಸುರಿಯತೊಡಗುತ್ತದೆ.

ಚಿಕ್ಕ ಮಕ್ಕಳನ್ನು ಕಾಡುವ ಇನ್ನೊಂದು ಬಗೆಯ ಈ-ಕೋಲೈ ಇದಕ್ಕಿಂತ ಚಾಲಾಕಿ. ಕೆನಡಾದ ಬ್ರೆಟ್ ಫಿನ್ಲೆಯವರ ತಂಡ 1997ರಲ್ಲಿ ಇದನ್ನು ಕಂಡುಹಿಡಿದಾಗ ವಿಜ್ಞಾನಿಗಳೇ ಬೆರಗಾದರು. ಹಿಡಿಯಲು ಕಂಬಿ ಹುಡುಕುವುದರ ಬದಲು ಅದು ತನ್ನದೇ ಕಂಬಿಯನ್ನು ಜೊತೆಗೆ ತರುತ್ತದೆ! ಸೂಜಿಯಂಥ ಸಾಧನದಿಂದ 'ಟಿರ್' ಎಂಬ ಪ್ರೋಟೀನನ್ನು ನಮ್ಮ ಕೋಶದೊಳಗೆ ಚುಚ್ಚುತ್ತದೆ. ಅದು ಕೋಶದ ಹೊದಿಕೆಯಲ್ಲಿ ನಾಟಿಕೊಳ್ಳುತ್ತದೆ. ಅದನ್ನೇ ಹಿಡಿದು ಬ್ಯಾಕ್ಟೀರಿಯಾ ಗಟ್ಟಿಯಾಗಿ ಕೂರುತ್ತದೆ. ಆಹಾರ ಹೀರುವ ನವಿರಾದ ಎಳೆಗಳು ಅಲ್ಲಿ ಅಳಿದುಹೋಗುತ್ತವೆ. ಎದೆಹಾಲಿನಲ್ಲಿರುವ ಕೆಲವು ಸಕ್ಕರೆಗಳು, ಪ್ರತಿಕಾಯಗಳು ಇಂಥ ಹಿಡಿತಗಳಿಗೆ ಅಡ್ಡಬರುತ್ತವೆ. ಬಾಣಂತಿಯರಿರುವ ಮನೆಗೆ ಈ ಮಾತು ತಲುಪಿಸಿ.

ಇವು ನಮ್ಮ ಹೊಟ್ಟೆ ಸೇರುವುದು ಹೆಚ್ಚಾಗಿ ನೀರು, ಆಹಾರ, ಕೈಗಳಿಂದ. 2021ರ ಜುಲೈ 17–18ರ ರಾತ್ರಿ ನೆನಪಿದೆಯಲ್ಲ? ಸೂರ್ಯನಗರದಲ್ಲಿ ಗುಡ್ಡ ಕುಸಿದು ಜೀವಗಳು ಹೋದ ಅದೇ ಮಳೆಗೆ ಭಾಂಡುಪ್‌ನ ನೀರು ಶುದ್ಧೀಕರಣ ಕೇಂದ್ರಕ್ಕೂ ನೀರು ನುಗ್ಗಿತ್ತು. ನೀರು ಕುದಿಸಿ ಕುಡಿಯಿರಿ ಎಂದು ಪಾಲಿಕೆ ಕೇಳಿಕೊಂಡಿತ್ತು. ಅಂಥ ದಿನ ಮಾತ್ರವಲ್ಲ, ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಕಡೆ ಪೈಪು ಖಾಲಿಯಿದ್ದಾಗ ಬಿರುಕಿನಿಂದ ಗಟಾರದ ನೀರು ಒಳಗೆ ಸೇರಬಹುದು. ನೀರು ತಿಳಿಯಾಗಿ ಕಂಡರೂ ಮಳೆಗಾಲದಲ್ಲಿ ಅದನ್ನು ಒಂದು ನಿಮಿಷ ಕೊತಕೊತ ಕುದಿಸಿ. ಆಮೇಲೆ ಅದೇ ಡ್ರಮ್ಮಿಗೆ ಕೈ ಅದ್ದಿದರೆ ಗ್ಯಾಸ್ ದಂಡ.

ಈಗ ಓಆರ್‌ಎಸ್. ಕೋಶ ನೀರನ್ನು ಹೊರಹಾಕುತ್ತಿದ್ದರೂ ಗ್ಲೂಕೋಸ್ ಮತ್ತು ಉಪ್ಪು ಜೊತೆಯಾಗಿ ಒಳಬರುವ ಒಂದು ಬಾಗಿಲು ತೆರೆದೇ ಇರುತ್ತದೆ. ಅವುಗಳ ಹಿಂದೆಯೇ ನೀರೂ ಒಳಬರುತ್ತದೆ. 1971ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲಾನಬೀಸ್ ಡ್ರಮ್ಮುಗಳಲ್ಲಿ ಇದನ್ನೇ ಕಲಸಿ ಕುಡಿಸಿ ಸಾವನ್ನು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಶಿಯಂ ಕ್ಲೋರೈಡ್ 1.5 ಗ್ರಾಂ, ಜೊತೆಗೆ ಸಿಟ್ರೇಟ್. ಸಿಹಿ ಪಾನೀಯದ ಡಬ್ಬಿ ಇದಕ್ಕೆ ಬದಲಲ್ಲ.

ಬಿಪಿ, ಶುಗರ್ ಇರುವವರೂ ಭೇದಿಯಾದಾಗ ಇದನ್ನು ಕುಡಿಯಬೇಕು. ಆಗ ದೇಹ ಉಪ್ಪನ್ನು ಕಳೆದುಕೊಳ್ಳುತ್ತಿರುತ್ತದೆ. ನನಗೆ ಹೆಚ್ಚು ಭಯ ಪೊಟ್ಯಾಶಿಯಂನದು. ನೀರಿಳಿಸುವ ಮಾತ್ರೆ ಅಥವಾ ಡಿಗಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಅದು ಕುಸಿದರೆ ಹೃದಯದ ತಾಳ ತಪ್ಪುತ್ತದೆ. ನೀರಿಳಿಸುವ ಮಾತ್ರೆ, ಕೆಲವು ಬಿಪಿ ಮತ್ತು ಶುಗರ್ ಮಾತ್ರೆಗಳನ್ನು ಭೇದಿ ನಿಲ್ಲುವವರೆಗೆ ತಡೆಹಿಡಿಯಬೇಕಾಗಬಹುದು. ಯಾವುದನ್ನು ಎಂಬುದನ್ನು ಅದೇ ದಿನ ನಿಮ್ಮ ವೈದ್ಯರಿಗೆ ಫೋನ್ ಮಾಡಿ ಕೇಳಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೇಬೇಡಿ. ಹೃದಯದ ಪಂಪಿಂಗ್ ಕಡಿಮೆಯಿದ್ದು ನೀರಿಗೆ ಮಿತಿ ಹಾಕಿಸಿಕೊಂಡವರು ಎಷ್ಟು ಕುಡಿಯಬೇಕೆಂದು ಕೇಳಿಕೊಂಡೇ ಕುಡಿಯಿರಿ.

ಮೂಲೆಯ ಮೆಡಿಕಲ್‌ನವನು ಕೊಡುವ ಆಂಟಿಬಯಾಟಿಕ್ ಹೆಚ್ಚಿನ ಭೇದಿಗಳಿಗೆ ಬೇಡ. ಕರುಳಿನಲ್ಲಿ ಜಾಗ ಹಿಡಿದು ಕೂತ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಅದು ಎಬ್ಬಿಸಿ ಕಳಿಸುತ್ತದೆ. ಜ್ವರವಿದ್ದರೆ, ಮಲದಲ್ಲಿ ರಕ್ತ ಕಂಡರೆ ಭೇದಿ ಕಟ್ಟುವ ಮಾತ್ರೆಯೂ ಬೇಡ.

ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಆರೇಳು ಗಂಟೆ ಮೂತ್ರವೇ ಆಗದಿದ್ದರೆ, ಎದೆ ಡವಡವ ಅಂದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಮಾತ್ರೆಗಳ ಚೀಟಿ ಕೈಯಲ್ಲಿರಲಿ.