ಅಡಿಕೆ ತೋಟದಿಂದ ಆಚೆಗೆ: ಲೋಕವನ್ನೇ ಓದಿನ ವಿಷಯವಾಗಿಸಿಕೊಂಡಾಗ

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ನಂತರದ ದಿನಗಳಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿನ ಮನೆಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ ಬಗೆಯದು. ವಿಜ್ಞಾನ ಓದಿದವರು ಎಂಜಿನಿಯರಿಂಗ್‌ಗೆ ಅಥವಾ ನರ್ಸಿಂಗ್‌ಗೆ, ವಾಣಿಜ್ಯದವರು ಬಿ.ಕಾಂ.ಗೆ, ಕಲಾ ವಿಭಾಗದವರು 'ಯಾವುದಾದರೂ ಒಂದು ಬಿ.ಎ.'ಗೆ. ಸಂತೇಬೆನ್ನೂರಿನ ಕಡೆಯ ಒಬ್ಬ ವಿದ್ಯಾರ್ಥಿನಿ ತಾನು ಅಂತಾರಾಷ್ಟ್ರೀಯ ವಿದ್ಯಮಾನಗಳನ್ನೇ ಮುಖ್ಯ ವಿಷಯವನ್ನಾಗಿ ಓದುವೆನೆಂದು ಹೇಳಿದಳೆಂದು ಭಾವಿಸೋಣ. ತಂದೆಯ ಉತ್ತರವನ್ನು ಊಹಿಸುವುದು ಕಷ್ಟವೇನಲ್ಲ: "ಊರಿನ ಉಸಾಬರಿಯೇ ಸಾಕಾಗಿದೆಯಮ್ಮ, ಲೋಕದ ಉಸಾಬರಿ ನಮಗ್ಯಾಕೆ?"

ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ತೋಟ ನಂಬಿ ಸಾಲ ಮಾಡಿದ ಮನುಷ್ಯ ಕೇಳುವ ನ್ಯಾಯವಾದ ಪ್ರಶ್ನೆಯಿದು. ಆದರೆ ಉತ್ತರ ಅದೇ ತೋಟದಲ್ಲಿದೆ ಎಂಬುದನ್ನು ಆತ ಗಮನಿಸಿರಲಾರ.

ಭದ್ರಾ ನಾಲೆಯ ನೀರೂ ಕೊಳವೆಬಾವಿಗಳೂ ಬೆಳೆಸಿದ ಈ ಸೀಮೆಯ ರಾಶಿ ಅಡಿಕೆಯ ಬೆಲೆ ಚನ್ನಗಿರಿಯ ಮಂಡಿಯಲ್ಲಿ ಮಾತ್ರ ನಿರ್ಧಾರವಾಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗ್ರಾಮಿಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಅದಕ್ಕಿಂತ ಅಗ್ಗದ ಅಡಿಕೆ ಹೊರದೇಶದಿಂದ ಬರಕೂಡದೆಂಬುದು ಅದರ ಉದ್ದೇಶ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರಲ್ಲಿ, ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ನಿರ್ಬಂಧವಿಲ್ಲದೆ ತರಿಸಿಕೊಳ್ಳಲು ಅದೇ ಸರ್ಕಾರ ಅನುಮತಿ ನೀಡಿತ್ತು. ಮಲೆನಾಡಿನಲ್ಲಿಯೂ ನಮ್ಮಲ್ಲಿಯೂ ಬೆಳೆಗಾರರು ಸಿಟ್ಟಾದರು. ಸಿಟ್ಟು ಸಹಜ. ಆದರೆ ಭೂತಾನವೆಂಬ ಸಣ್ಣ ನೆರೆರಾಜ್ಯಕ್ಕೆ ದೆಹಲಿ ಇಷ್ಟು ಮಣಿಯುವುದೇಕೆ, ಉತ್ತರದ ಗಡಿಯಲ್ಲಿ ಚೀನಾ ಇರುವುದಕ್ಕೂ ಅಡಿಕೆಗೂ ಏನಾದರೂ ನಂಟುಂಟೇ, 1998ರಲ್ಲಿ ಶ್ರೀಲಂಕಾದೊಡನೆ ಸಹಿ ಹಾಕಿದ ಮುಕ್ತ ವ್ಯಾಪಾರ ಒಪ್ಪಂದದ ಒಳಗೆ ಏನಿದೆ, ಮ್ಯಾನ್ಮಾರ್ ಗಡಿಯಿಂದ ಕಳ್ಳ ಅಡಿಕೆ ನುಸುಳುವುದು ಹೇಗೆ - ಇವನ್ನು ಬಿಡಿಸಿ ಹೇಳಬಲ್ಲವರು ತಾಲ್ಲೂಕಿನಲ್ಲಿ ಎಷ್ಟು ಮಂದಿ? ಮನವಿ ಪತ್ರ ಬರೆಯುವವರು ಬಹಳ. ಒಪ್ಪಂದವನ್ನು ಓದಬಲ್ಲವರು ವಿರಳ. ಆ ವಿದ್ಯಾರ್ಥಿನಿ ಓದಬಯಸುವುದು ಇದನ್ನೇ.

ಇಲ್ಲಿಗೇ ನಿಲ್ಲಿಸಿದರೆ ಬೆಳೆಗಾರರಿಗೆ ಹಿತವೆನಿಸೀತು. ಅಧ್ಯಯನ ನಿಲ್ಲಗೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿರುವ, ಫ್ರಾನ್ಸಿನ ಲಿಯೋನ್ ನಗರದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು, ತಂಬಾಕು ಬೆರೆಯದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. 2003ರಲ್ಲಿ ನಡೆದ ಪರಿಶೀಲನೆಯ ನಿರ್ಣಯವದು. 'ವಿದೇಶಿಯರ ಪಿತೂರಿ' ಎಂದು ತಳ್ಳಿಹಾಕುವುದು ಸುಲಭ. ಆದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಬಾಯಿ ತೆರೆಯಲಾಗದೆ ಕುಳಿತವರು ವಿದೇಶಿಯರಲ್ಲ. ತಂದೆಯ ತೋಟದ ಪರವಾಗಿ ವಾದಿಸಲೆಂದೇ ಮಗಳು ಓದುವುದಾದರೆ ಅದು ವಕಾಲತ್ತು, ಅಧ್ಯಯನವಲ್ಲ. ತೋಟದ ಸಾಲವನ್ನೂ ಭೂತಾನದ ಬಡ ಬೆಳೆಗಾರನನ್ನೂ ರೋಗಿಯ ಬಾಯಿಯನ್ನೂ ಒಂದೇ ತಕ್ಕಡಿಯ ಮುಂದೆ ತರುವುದು ಈ ಶಾಸ್ತ್ರದ ಕಠಿಣ ಭಾಗ. ಮನೆಯವರಿಗೆ ಹಿಡಿಸದ ಉತ್ತರದೊಡನೆ ಆಕೆ ಮರಳಿ ಬರಬಹುದು. ಆ ಅಪಾಯವನ್ನು ತಂದೆ ಮೊದಲೇ ಅರಿತಿರುವುದು ಒಳಿತು.

ಇಂತಹ ಧೈರ್ಯಕ್ಕೆ ಹಳೆಯ ಮಾದರಿಯೊಂದುಂಟು. ನಾವು ತತ್ತ್ವಶಾಸ್ತ್ರ ಓದುವ ಕಾಲದಲ್ಲಿ ಪರಿಚಯವಾದ ಹೆಸರು, ಫ್ರಾನ್ಸಿಸ್ಕೊ ದೆ ವಿತೋರಿಯ. 16ನೇ ಶತಮಾನದ ಸ್ಪೇನಿನ ಸಲಮಾಂಕ ವಿಶ್ವವಿದ್ಯಾಲಯದ ಈ ಡೊಮಿನಿಕನ್ ಗುರು, ಅಮೆರಿಕದ ಮೂಲನಿವಾಸಿಗಳು ಕ್ರೈಸ್ತರಲ್ಲದಿದ್ದರೂ ತಮ್ಮ ನೆಲದ ನಿಜವಾದ ಒಡೆಯರೆಂದೂ, ಚಕ್ರವರ್ತಿಯಾಗಲಿ ಪೋಪ್ ಜಗದ್ಗುರುಗಳಾಗಲಿ ಇಡೀ ಭೂಮಿಗೆ ಒಡೆಯರಲ್ಲವೆಂದೂ ಬೋಧಿಸಿದರು. ಅದೂ ತಮ್ಮದೇ ದೇಶ ಅಲ್ಲಿಂದ ಬಂಗಾರ ತರುತ್ತಿದ್ದಾಗ! ಅಂತಾರಾಷ್ಟ್ರೀಯ ಕಾನೂನಿನ ಮೂಲಪುರುಷರಲ್ಲಿ ಅವರನ್ನು ಎಣಿಸುವುದು ಸುಮ್ಮನೆ ಅಲ್ಲ.

ಇದು ರಾಜಧಾನಿಗಳ ವಿದ್ಯೆ, ಹಳ್ಳಿಯವರಿಗಲ್ಲ ಎಂಬ ಭಾವನೆಯೂ ಸರಿಯಲ್ಲ. ಅಂತಾರಾಷ್ಟ್ರೀಯ ರಾಜಕಾರಣಕ್ಕೆಂದು ಜಗತ್ತಿನಲ್ಲಿ ಮೊದಲ ಪ್ರಾಧ್ಯಾಪಕ ಪೀಠ ಸ್ಥಾಪನೆಯಾದದ್ದು ಲಂಡನ್ನಿನಲ್ಲಲ್ಲ. ವೇಲ್ಸ್ ಪ್ರಾಂತ್ಯದ ಕಡಲದಂಡೆಯ ಆಬರಿಸ್ಟ್‌ವಿತ್ ಎಂಬ ಪುಟ್ಟ ಪಟ್ಟಣದಲ್ಲಿ, 1919ರಲ್ಲಿ. ಮೊದಲ ಮಹಾಯುದ್ಧದಲ್ಲಿ ಮಡಿದ ಅಲ್ಲಿನ ವಿದ್ಯಾರ್ಥಿಗಳ ನೆನಪಿಗಾಗಿ ಡೇವಿಸ್ ಮನೆತನದವರು ಹಣ ಕೊಟ್ಟರು. ನಮ್ಮ ಸಂತೇಬೆನ್ನೂರೂ ಲೋಕಕ್ಕೆ ಬೆನ್ನು ಹಾಕಿದ ಊರಲ್ಲ. ಪಾಳೆಯಗಾರ ಹನುಮಪ್ಪ ನಾಯಕನ ಪುಷ್ಕರಣಿಯ ಪಕ್ಕದಲ್ಲಿಯೇ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ ನಿಂತಿದೆ. ಅದು ದೂರದಿಂದ ಬಂದವರಿಗಾಗಿ ಕಟ್ಟಿದ ಕಟ್ಟಡ.

ಇನ್ನು ಎಲ್ಲಿ, ಹೇಗೆ ಓದುವುದು? ಬೆಂಗಳೂರಿನ ಕೆಲವು ಖಾಸಗಿ ಸಂಸ್ಥೆಗಳು ಪದವಿಯಲ್ಲಿಯೇ ಈ ವಿಷಯವನ್ನು ಇಟ್ಟಿವೆ. ಶುಲ್ಕ ರೈತನ ಕೈಗೆಟುಕುವಂತಿಲ್ಲ. ಕೊಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ವಿಭಾಗವೇ ಇದೆ. ನನ್ನ ಅಭಿಪ್ರಾಯದಲ್ಲಿ ಮೊದಲ ಪದವಿಗಾಗಿ ಸಾಲ ಮಾಡಬೇಕಾಗಿಲ್ಲ. ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಗಟ್ಟಿಯಾಗಿ ಓದಿ, ಸ್ನಾತಕೋತ್ತರದಲ್ಲಿ ಇದನ್ನು ಹಿಡಿಯಬಹುದು. ದೆಹಲಿಯಲ್ಲಿ 1955ರಲ್ಲಿ ಆರಂಭವಾಗಿ 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯಕ್ಕೆ ಸೇರಿದ ಅಂತಾರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿ ಶುಲ್ಕ ಖಾಸಗಿಯವರಿಗಿಂತ ಬಹಳ ಕಡಿಮೆ. ಅರ್ಥಶಾಸ್ತ್ರವನ್ನಂತೂ ಬಿಡಬಾರದು, ಆಮದು ಸುಂಕದ ಲೆಕ್ಕ ಬಾರದವರು ಲೋಕದ ವಿಚಾರ ಮಾತಾಡಿದರೆ ಅದು ಹರಟೆಯಾಗುತ್ತದೆ. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾಯರು ಕೇಂಬ್ರಿಜ್‌ನಲ್ಲಿ ಓದಿದ್ದು ಗಣಿತ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. ಮುಂದೆ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು.

ಉದ್ಯೋಗದ ವಿಷಯದಲ್ಲಿ ಸುಳ್ಳು ಭರವಸೆ ಬೇಡ. ಈ ಪದವಿ ಪಡೆದವರೆಲ್ಲರೂ ರಾಯಭಾರಿಗಳಾಗುವುದಿಲ್ಲ; ವಿದೇಶಾಂಗ ಸೇವೆಗೆ ಆಯ್ಕೆಯಾಗುವವರು ಬೆರಳೆಣಿಕೆಯವರು. ಆದರೆ ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶವಿದೆ, ಅದರಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳಿಗೂ ಸ್ಥಾನವಿದೆ. ರಫ್ತು ವ್ಯಾಪಾರ, ಪತ್ರಿಕೋದ್ಯಮ, ಬೆಳೆಗಾರರ ಸಹಕಾರ ಸಂಘಗಳಿಗೂ ಇಂತಹವರು ಬೇಕು. ಚನ್ನಗಿರಿಯ ಅಡಿಕೆ ಸಂಘವೊಂದು ಮುಂದಿನ ಬಾರಿ ದೆಹಲಿಗೆ ನಿಯೋಗ ಒಯ್ಯುವಾಗ, ಒಪ್ಪಂದದ ಮೂಲ ಪಾಠವನ್ನು ಓದಿ ಅದರ ತಿರುಳನ್ನು ಕನ್ನಡದಲ್ಲಿ ಬರೆದುಕೊಡಬಲ್ಲ ತಾಲ್ಲೂಕಿನ ಹೆಣ್ಣುಮಗಳೊಬ್ಬಳು ಆ ನಿಯೋಗದಲ್ಲಿ ಇರಬಾರದೇಕೆ?